ಪ್ಲಗ್ ಕಿತ್ತರೆ ಲ್ಯಾಪ್‌ಟಾಪ್ ಆಫ್: ತಪ್ಪು ಬ್ಯಾಟರಿಯದ್ದೇನಾ?

ಮರುದಿನ ಬೆಳಗ್ಗೆ ಹತ್ತಕ್ಕೆ ಮಿನಿ ಪ್ರಾಜೆಕ್ಟ್ ಡೆಮೋ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು, ಅದರ ಜೊತೆಗೇ ನಮ್ಮ ರೂಮ್‌ಮೇಟ್‌ನ ಲ್ಯಾಪ್‌ಟಾಪೂ ಆರಿತು.

"ಲೇ, ಸೇವ್ ಮಾಡಿದ್ಯೇನೋ?"

"ಇಲ್ಲ ಮಗಾ."

ನಲವತ್ತು ನಿಮಿಷದ ಕೋಡ್ ಹೋಯ್ತು. ಕರೆಂಟ್ ಬಂದ ಮೇಲೆ ಮೂವರೂ ಕೂತು ಮತ್ತೆ ಬರೆದೆವು. ಡೆಮೋ ಹೊತ್ತಿನಲ್ಲಿ ಒಬ್ಬ ಮಾತಾಡ್ತಿದ್ದರೆ ಇನ್ನೊಬ್ಬ ಪ್ಲಗ್ ಅಲುಗಾಡದ ಹಾಗೆ ಹಿಡಿದುಕೊಂಡು ನಿಂತಿದ್ದ.

ಆ ಲ್ಯಾಪ್‌ಟಾಪ್ ಒಂದು ವಾರದಿಂದ ಹಾಗೇ ಇತ್ತು. ಚಾರ್ಜರ್ ಹಾಕಿದರೆ ಚೆನ್ನಾಗಿ ಓಡುತ್ತೆ, ಕಿತ್ತ ಕ್ಷಣ ಆಫ್. ಅದು ಅವನ ಅಕ್ಕ ಡಿಗ್ರಿಯಲ್ಲಿ ಬಳಸಿ ಕೊಟ್ಟಿದ್ದು. ಒಂದು ಅಂಗಡಿಯಲ್ಲಿ "ಬ್ಯಾಟರಿ ಹೋಗಿದೆ, ಮೂರೂವರೆ ಸಾವಿರ ಆಗುತ್ತೆ" ಅಂದರು. ಇನ್ನೊಂದು ಅಂಗಡಿಯಲ್ಲಿ ಬಿಚ್ಚಿ ನೋಡದೆಯೇ "ಬೋರ್ಡ್ ಪ್ರಾಬ್ಲಮ್ಮು, ಒಂಬತ್ತು ಸಾವಿರ" ಅಂದರು. ಅವನು ಮನೆಗೆ ಫೋನ್ ಮಾಡಿದ್ದ. ಅವರಪ್ಪ "ತಿಂಗಳ ಕೊನೆಗೆ ಏನಾದ್ರೂ ಹೊಂದಿಸಿ ಕಳಿಸ್ತೀನಿ" ಅಂದಿದ್ದರು. ಮೂರೂವರೆ ಸಾವಿರವೋ ಒಂಬತ್ತು ಸಾವಿರವೋ ಅಂತ ನಮಗೇ ಗೊತ್ತಿಲ್ಲದೆ ಅವರಿಂದ ದುಡ್ಡು ತರಿಸೋದು ಸರಿ ಕಾಣಲಿಲ್ಲ. ಡೆಮೋ ಮುಗಿದ ಸಂಜೆ, ಮೊದಲು ತಪ್ಪು ಎಲ್ಲಿದೆ ಅಂತ ನಾವೇ ಹುಡುಕೋಣ ಅಂತ ಕೂತೆವು. ಆ ಸಂಜೆ ನಾವು ಕಲಿತದ್ದನ್ನು, ಮತ್ತು ಕಲಿಯೋಕೆ ಮುಂಚೆ ಮಾಡಿದ್ದ ಒಂದು ಎಡವಟ್ಟನ್ನು, ಇಲ್ಲಿ ಬರೆದಿದ್ದೇವೆ.

ಎಲ್ಲಕ್ಕಿಂತ ಮೊದಲು: ಉಬ್ಬಿದೆಯಾ ನೋಡಿ

ಲ್ಯಾಪ್‌ಟಾಪನ್ನು ಸಮತಟ್ಟಾದ ಟೇಬಲ್ ಮೇಲೆ ಇಡಿ. ಅಲುಗಾಡುತ್ತಾ? ಟಚ್‌ಪ್ಯಾಡ್ ಒಂದು ಬದಿ ಮೇಲೆದ್ದಿದೆಯಾ, ಕ್ಲಿಕ್ ಬಿಗಿಯಾಗಿದೆಯಾ? ಕೆಳಗಿನ ಕವರ್ ಅಂಚಿನಲ್ಲಿ ಸಂದು ಬಿಟ್ಟಿದೆಯಾ? ಹೌದು ಅಂದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಇದೆ. ಲಿಥಿಯಂ ಅಯಾನ್ ಸೆಲ್ ಹಾಳಾಗುವಾಗ ಒಳಗೆ ಗ್ಯಾಸ್ ಹುಟ್ಟುತ್ತೆ, ಅದು ಪೊಟ್ಟಣವನ್ನು ಉಬ್ಬಿಸುತ್ತೆ.

ಹಾಗಿದ್ದರೆ ಈ ಲೇಖನದ ಉಳಿದ ಪರೀಕ್ಷೆಗಳು ನಿಮಗಲ್ಲ. ಆಫ್ ಮಾಡಿ, ಚಾರ್ಜರ್ ಕಿತ್ತುಬಿಡಿ, ಹಾಸಿಗೆಯಿಂದ ದೂರ ಇಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಒತ್ತಿ ಸರಿಮಾಡೋದು, ಸೂಜಿ ಚುಚ್ಚಿ ಗ್ಯಾಸ್ ಬಿಡೋದು ಮಾಡಲೇಬೇಡಿ. ಒಳಗಿನ ತೆಳು ಪದರ ಹರಿದು ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುತ್ತೆ.

ಕರೆಂಟ್ ಬರುವ ದಾರಿ

ಮೊದಲ ವರ್ಷ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಸರ್ಕ್ಯೂಟ್ ಬಿಡಿಸಿದ್ದು ನೆನಪಿದೆಯಲ್ಲ, ಇಲ್ಲೂ ಒಂದು ಚಿತ್ರ ಬಿಡಿಸಿಕೊಳ್ಳಿ. ಗೋಡೆಯ 230 ವೋಲ್ಟ್ ಎಸಿಯನ್ನು ಅಡಾಪ್ಟರ್ ಸುಮಾರು 19 ಅಥವಾ 20 ವೋಲ್ಟ್ ಡಿಸಿ ಮಾಡುತ್ತೆ. ಅದು ಜ್ಯಾಕ್ ಮೂಲಕ ಬೋರ್ಡ್‌ಗೆ ಬರುತ್ತೆ. ಅಲ್ಲಿಂದ ಎರಡು ಕವಲು. ಒಂದು ನೇರವಾಗಿ ಬೋರ್ಡ್ ನಡೆಸೋಕೆ, ಇನ್ನೊಂದು ಚಾರ್ಜಿಂಗ್ ಸರ್ಕ್ಯೂಟ್ ಮೂಲಕ ಬ್ಯಾಟರಿಗೆ. ಪ್ಲಗ್ ಕಿತ್ತಾಗ ಬ್ಯಾಟರಿಯಿಂದ ಬೋರ್ಡ್ ಕಡೆಗಿನ ದಾರಿಯನ್ನು ಮಾಸ್ಫೆಟ್ ಸ್ವಿಚ್‌ಗಳು ತೆರೆದು ಕೊಡುತ್ತವೆ.

ಈಗ ಯೋಚಿಸಿ. ಪ್ಲಗ್ ಹಾಕಿದಾಗ ಲ್ಯಾಪ್‌ಟಾಪ್ ಸರಿಯಾಗಿ ಓಡುತ್ತೆ ಅಂದರೆ ಮೊದಲ ಕವಲು ಸರಿ ಇದೆ. ಪ್ರಾಸೆಸರ್, ರ‍್ಯಾಮ್, ಡಿಸ್ಕ್ ಎಲ್ಲಾ ನಿರಪರಾಧಿಗಳು. ಉಳಿದ ಆರೋಪಿಗಳು ಇಷ್ಟು: ಬ್ಯಾಟರಿಯ ಸೆಲ್‌ಗಳು, ಬ್ಯಾಟರಿ ಒಳಗಿನ ಪ್ರೊಟೆಕ್ಷನ್ ಬೋರ್ಡ್, ಬ್ಯಾಟರಿ ಕನೆಕ್ಟರ್, ಮದರ್‌ಬೋರ್ಡ್‌ನ ಚಾರ್ಜಿಂಗ್ ಭಾಗ, ಚಾರ್ಜ್ ಬೇಡ ಅಂತ ಹೇಳ್ತಿರೋ ಯಾವುದೋ ಸೆಟ್ಟಿಂಗ್, ಮತ್ತು ಲ್ಯಾಪ್‌ಟಾಪ್ ಗುರುತಿಸದ ಅಡಾಪ್ಟರ್. ಒಟ್ಟು ಆರು. ಇದರಲ್ಲಿ ಮೂರೂವರೆ ಸಾವಿರದ ಬ್ಯಾಟರಿ ಬದಲಾಯಿಸಿದರೆ ಸರಿಹೋಗೋದು ಎರಡು ಮಾತ್ರ.

ಲ್ಯಾಪ್‌ಟಾಪ್ ಏನು ಹೇಳ್ತಿದೆ?

ಪ್ಲಗ್ ಹಾಕಿ, ಟಾಸ್ಕ್‌ಬಾರ್‌ನ ಬ್ಯಾಟರಿ ಚಿಹ್ನೆ ಮೇಲೆ ಮೌಸ್ ಇಟ್ಟು ನೋಡಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾಣುತ್ತೆ:

1. ಬ್ಯಾಟರಿ ಇದೆ, ಆದರೆ ಚಾರ್ಜ್ ಆಗ್ತಿಲ್ಲ.
2. ಬ್ಯಾಟರಿ ಇದೆ, ಚಾರ್ಜ್ 80 ಅಥವಾ 100 ಅಂತ ತೋರಿಸುತ್ತೆ, ಆದರೂ ಕಿತ್ತರೆ ಆಫ್.
3. ಬ್ಯಾಟರಿಯೇ ಇಲ್ಲ ಅನ್ನುತ್ತೆ.

ಹೊರಗಿನಿಂದ ನೋಡಿದರೆ ಮೂರೂ ಒಂದೇ ರೋಗ. ಒಳಗೆ ಮೂರೂ ಬೇರೆ ಬೇರೆ. ನಾವು ಒಂದು ವಾರ ಈ ಚಿಹ್ನೆಯನ್ನು ನೋಡಲೇ ಇಲ್ಲ ಅನ್ನೋದು ನಾಚಿಕೆಯ ವಿಷಯ.

ವಿಂಡೋಸ್ ಮಾತು ನಂಬೋಕೆ ಮುಂಚೆ ಬಯಾಸ್‌ನಲ್ಲೂ ನೋಡಿ. ಬೂಟ್ ಆಗುವಾಗ ನಿಮ್ಮ ಮಾಡೆಲ್‌ಗೆ ತಕ್ಕ ಕೀ ಒತ್ತಿದರೆ ಬಯಾಸ್ ತೆರೆಯುತ್ತೆ, ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಅಲ್ಲಿ ಬ್ಯಾಟರಿ ಮಾಹಿತಿ ಇರುತ್ತೆ. ಬಯಾಸ್‌ಗೆ ಬ್ಯಾಟರಿ ಕಾಣ್ತಿದೆ, ವಿಂಡೋಸ್‌ಗೆ ಕಾಣ್ತಿಲ್ಲ ಅಂದರೆ ಸಾಫ್ಟ್‌ವೇರ್ ಸಮಸ್ಯೆ. ಎರಡಕ್ಕೂ ಕಾಣ್ತಿಲ್ಲ ಅಂದರೆ ಹಾರ್ಡ್‌ವೇರ್. ಐದು ನಿಮಿಷದ ಈ ಒಂದು ಪರೀಕ್ಷೆ ಅರ್ಧ ಗೊಂದಲ ಕಳೆಯುತ್ತೆ.

ಮೊದಲ ಉತ್ತರ: ಇದೆ, ಚಾರ್ಜ್ ಆಗ್ತಿಲ್ಲ

ಇಲ್ಲಿ ಖರ್ಚಿಲ್ಲದ ಕಾರಣಗಳೇ ಜಾಸ್ತಿ.

ಸೆಟ್ಟಿಂಗ್: ಈಗಿನ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಆಯಸ್ಸು ಉಳಿಸೋಕೆ 60 ಅಥವಾ 80 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವ ಮೋಡ್ ಇರುತ್ತೆ. ಚಾರ್ಜ್ ಅಲ್ಲೇ ನಿಂತಿದ್ದರೆ ಅದು ರೋಗವಲ್ಲ. ಕಂಪನಿಯ ಆ್ಯಪ್‌ನಲ್ಲೋ ಬಯಾಸ್‌ನಲ್ಲೋ ನೋಡಿ.

ಅಡಾಪ್ಟರ್: ಡೆಲ್, ಎಚ್‌ಪಿಯ ದುಂಡು ಪಿನ್‌ನ ಬಹಳಷ್ಟು ಅಡಾಪ್ಟರ್‌ಗಳಲ್ಲಿ ನಡುವೆ ಸೂಜಿಯಂಥ ಮೂರನೇ ಪಿನ್ ಇದೆ. ಅದು ಕರೆಂಟ್ ಕೊಡೋಕಲ್ಲ, "ನಾನು ಇಷ್ಟು ವಾಟ್‌ನ ಅಡಾಪ್ಟರ್" ಅಂತ ಪರಿಚಯ ಹೇಳೋಕೆ. ಆ ಪಿನ್ ಬಾಗಿದ್ದರೆ ಅಥವಾ ವೈರ್ ಒಳಗೆ ತುಂಡಾಗಿದ್ದರೆ ಲ್ಯಾಪ್‌ಟಾಪ್ ನಿಧಾನವಾಗಿ ಓಡುತ್ತೆ, ಬ್ಯಾಟರಿ ಮಾತ್ರ ಚಾರ್ಜ್ ಆಗೋಲ್ಲ. ಟೈಪ್ ಸಿ ಆದರೆ ವಾಟ್ ನೋಡಿ. 20 ವೋಲ್ಟ್, 3.25 ಆಂಪ್ ಅಂದರೆ 65 ವಾಟ್. ಫೋನ್‌ನ 18 ವಾಟ್ ಚಾರ್ಜರ್ ಹಾಕಿ "ಚಾರ್ಜ್ ಆಗ್ತಿಲ್ಲ" ಅಂದರೆ ಲ್ಯಾಪ್‌ಟಾಪ್ ಏನು ಮಾಡುತ್ತೆ ಪಾಪ. ಹಾಸ್ಟೆಲ್‌ನಲ್ಲಿ ಅದೇ ಮಾಡೆಲ್‌ನವರು ಯಾರಾದರೂ ಸಿಗುತ್ತಾರೆ, ಅವರ ಅಡಾಪ್ಟರ್ ಹತ್ತು ನಿಮಿಷ ಕಡ ತನ್ನಿ. ನಮಗೆ ಇರುವ ದೊಡ್ಡ ಲ್ಯಾಬ್ ಅದೇ.

ಮಲ್ಟಿಮೀಟರ್ ಹಿಡಿಯುವವರಿಗೆ ಒಂದು ಮಾತು. ದುಂಡು ಪಿನ್‌ನ ಅಡಾಪ್ಟರ್‌ನಲ್ಲಿ ಲೇಬಲ್ ಮೇಲಿನ ವೋಲ್ಟ್‌ಗೆ ಹತ್ತಿರದ ರೀಡಿಂಗ್ ಬರಬೇಕು. ಪ್ರೋಬ್ ತುದಿ ಎರಡಕ್ಕೂ ತಾಗಿ ಶಾರ್ಟ್ ಆಗದ ಹಾಗೆ ನೋಡಿಕೊಳ್ಳಿ. ಟೈಪ್ ಸಿ ಅಡಾಪ್ಟರ್‌ನಲ್ಲಿ ಮಾತ್ರ ಸೊನ್ನೆ ಬಂದರೂ ಹೆದರಬೇಡಿ. ಆ ಕಡೆ ಲ್ಯಾಪ್‌ಟಾಪೋ ಫೋನೋ ಇದೆ ಅಂತ ಗೊತ್ತಾಗೋವರೆಗೆ ಅದು ವೋಲ್ಟೇಜ್ ಬಿಡೋದೇ ಇಲ್ಲ.

ಬಿಸಿ: ಲಿಥಿಯಂ ಅಯಾನ್ ಸೆಲ್‌ಗಳನ್ನು ಸಾಮಾನ್ಯವಾಗಿ 0 ಡಿಗ್ರಿಗಿಂತ ಕೆಳಗೆ, 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡೋದಿಲ್ಲ. ಹಾಸಿಗೆ ಮೇಲೆ ಇಟ್ಟು ಗೇಮ್ ಆಡ್ತಿದ್ದರೆ ಚಾರ್ಜ್ ನಿಂತದ್ದು ರಕ್ಷಣೆಗೆ. ತಣ್ಣಗಾಗೋಕೆ ಬಿಡಿ.

ರೀಸೆಟ್: ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರೀಸ್ ವಿಭಾಗಕ್ಕೆ ಹೋಗಿ, ಹೆಸರಲ್ಲಿ ಎಸಿಪಿಐ ಮತ್ತು ಬ್ಯಾಟರಿ ಅಂತ ಇರುವ ಸಾಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತೆ. ಆಗದಿದ್ದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಚಾರ್ಜಿಂಗ್ ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಕೆಲವೊಮ್ಮೆ ಸಿಕ್ಕಿಹಾಕಿಕೊಂಡಿರುತ್ತೆ, ಇದರಿಂದ ಬಿಡಿಸಿಕೊಳ್ಳುತ್ತೆ.

ಇಷ್ಟೆಲ್ಲ ಮಾಡಿಯೂ ಸೊನ್ನೆಯಲ್ಲೇ ಇದ್ದರೆ ಸೆಲ್ ಅಥವಾ ಚಾರ್ಜಿಂಗ್ ಸರ್ಕ್ಯೂಟ್ ಮೇಲೆ ಅನುಮಾನ ಪಡಬಹುದು. ಆಗ ಅಂಗಡಿಗೆ ಹೋಗಿ, ಏನೇನು ಪರೀಕ್ಷೆ ಮಾಡಿದ್ದೀರಿ ಅಂತ ಹೇಳಿ.

ಎರಡನೇ ಉತ್ತರ: ಫುಲ್ ಇದೆ, ಕಿತ್ತರೆ ಆಫ್

ಇಲ್ಲಿ ನಮ್ಮ ಸಿಲಬಸ್ ನಿಜವಾಗಿ ಕೆಲಸಕ್ಕೆ ಬರುತ್ತೆ.

ಮೊದಲು ರಿಪೋರ್ಟ್ ತೆಗೆಯಿರಿ. ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್' ಅಂತ ಬರೆದು, ಜಾಗ ಬಿಡದೆ ಸಿ, ಎಫ್, ಜಿ ಅಕ್ಷರ ಸೇರಿಸಿ. ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ 'ಬ್ಯಾಟರಿರಿಪೋರ್ಟ್' ಒಂದೇ ಪದವಾಗಿ. ಎಂಟರ್ ಒತ್ತಿದರೆ ಫೈಲ್ ಎಲ್ಲಿ ಉಳಿಯಿತು ಅಂತ ಅದೇ ಹೇಳುತ್ತೆ. ಬ್ರೌಸರ್‌ನಲ್ಲಿ ತೆರೆದು ಎರಡು ಸಂಖ್ಯೆ ನೋಡಿ: ಡಿಸೈನ್ ಕೆಪಾಸಿಟಿ ಅಂದರೆ ಹೊಸದಿದ್ದಾಗ ಎಷ್ಟು ಹಿಡಿಯಬೇಕಿತ್ತು, ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಎಷ್ಟು ಹಿಡಿಯುತ್ತೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ. ಲ್ಯಾಪ್‌ಟಾಪ್ ಬ್ಯಾಟರಿಗಳು 300ರಿಂದ 500 ಪೂರ್ತಿ ಸೈಕಲ್ ಆದ ಮೇಲೆ ಸುಮಾರು 80 ಶೇಕಡಾಕ್ಕೆ ಇಳಿಯೋದು ಸಹಜ. 30, 40ಕ್ಕೆ ಇಳಿದಿದ್ದರೆ ವಯಸ್ಸಾಗಿದೆ. ಅದೇ ಪುಟದಲ್ಲಿ ಕೆಳಗೆ ಹಿಂದಿನ ವಾರಗಳ ಲೆಕ್ಕವೂ ಇರುತ್ತೆ. ನಿಧಾನವಾಗಿ ಇಳಿದಿದೆಯಾ, ಒಮ್ಮೆಲೇ ಬಿದ್ದಿದೆಯಾ ಅಂತ ಗೊತ್ತಾಗುತ್ತೆ.

ಆದರೆ 60 ಶೇಕಡಾ ಚಾರ್ಜ್ ತೋರಿಸ್ತಾ ಇರುವಾಗಲೇ ಆಫ್ ಆಗೋದು ಯಾಕೆ? ಕಾರಣ ಇಂಟರ್ನಲ್ ರೆಸಿಸ್ಟೆನ್ಸ್. ಮೂರು ಸೆಲ್ ಸೀರೀಸ್‌ನಲ್ಲಿರೋ ಬ್ಯಾಟರಿ ತಗೊಳ್ಳಿ. ಒಂದೊಂದು 3.7 ವೋಲ್ಟ್, ಒಟ್ಟು 11.1. ಹಳೆಯದಾಗಿ ಒಳಗಿನ ರೆಸಿಸ್ಟೆನ್ಸ್ 0.5 ಓಮ್ ಆಗಿದೆ ಅಂದುಕೊಳ್ಳಿ. ಬರೀ ಓದ್ತಾ ಕೂತಿದ್ದರೆ ಲ್ಯಾಪ್‌ಟಾಪ್ 10 ವಾಟ್ ತಗೊಳ್ಳುತ್ತೆ, ಕರೆಂಟ್ ಸುಮಾರು 0.9 ಆಂಪ್, ಒಳಗೆ ಬೀಳೋದು ಅರ್ಧ ವೋಲ್ಟ್‌ಗಿಂತ ಕಮ್ಮಿ. ತೊಂದರೆ ಇಲ್ಲ. ಈಗ ಕಂಪೈಲ್ ಹಾಕಿ, 45 ವಾಟ್ ಬೇಕು. ಕರೆಂಟ್ 4 ಆಂಪ್, ಬೀಳೋದು 2 ವೋಲ್ಟ್, ಉಳಿದದ್ದು 9.1. ಆದರೆ ಲೆಕ್ಕ ಅಲ್ಲಿಗೆ ಮುಗಿಯೋಲ್ಲ. ವೋಲ್ಟೇಜ್ ಇಳಿದಾಗ ಅದೇ 45 ವಾಟ್‌ಗೆ ಇನ್ನೂ ಜಾಸ್ತಿ ಕರೆಂಟ್ ಬೇಕು, ಅದರಿಂದ ಇನ್ನೂ ಇಳಿಯುತ್ತೆ. ಕ್ವಾಡ್ರಾಟಿಕ್ ಬಿಡಿಸಿದರೆ ನಿಲ್ಲೋದು 8.4 ವೋಲ್ಟ್‌ನಲ್ಲಿ, 5.3 ಆಂಪ್‌ನಲ್ಲಿ. ಸೆಲ್‌ಗೆ ಸುಮಾರು 3 ವೋಲ್ಟ್, ಅಂದರೆ ಒಟ್ಟು 9ಕ್ಕಿಂತ ಕೆಳಗೆ ಹೋದರೆ ಪ್ರೊಟೆಕ್ಷನ್ ಬೋರ್ಡ್ ದಾರಿ ಮುಚ್ಚಬಹುದು. ಮುಚ್ಚಿತು, ಲ್ಯಾಪ್‌ಟಾಪ್ ಆಫ್. ಒಳಗೆ ಚಾರ್ಜ್ ಇತ್ತು, ಆದರೆ ಕೇಳಿದಷ್ಟು ವೇಗದಲ್ಲಿ ಕೊಡುವ ಶಕ್ತಿ ಇರಲಿಲ್ಲ.

ಇದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು. ಪ್ಲಗ್ ಇರುವಾಗಲೇ ಎಲ್ಲಾ ಆ್ಯಪ್ ಮುಚ್ಚಿ, ಬ್ರೈಟ್‌ನೆಸ್ ಇಳಿಸಿ, ಪವರ್ ಮೋಡನ್ನು ಅತಿ ಕಡಿಮೆಗೆ ಇಡಿ. ಎರಡು ನಿಮಿಷ ಬಿಟ್ಟು ಪ್ಲಗ್ ಕೀಳಿ. ಈಗ ಉಳಿದುಕೊಂಡು, ಭಾರದ ಕೆಲಸ ಹಾಕಿದಾಗ ಮಾತ್ರ ಆಫ್ ಆದರೆ ಸೆಲ್‌ಗಳು ದಣಿದಿವೆ, ಹೊಸ ಬ್ಯಾಟರಿಗೆ ದುಡ್ಡು ಕೊಡೋದು ನ್ಯಾಯ. ಏನೂ ಕೆಲಸ ಇಲ್ಲದಿದ್ದರೂ ತಕ್ಷಣ ಆಫ್ ಆದರೆ ಅನುಮಾನ ಕನೆಕ್ಟರ್ ಅಥವಾ ಸ್ವಿಚ್‌ಗಳ ಕಡೆಗೂ ಹೋಗಬೇಕು.

ಹೊಸದು ತರಿಸುವಾಗ ಲ್ಯಾಪ್‌ಟಾಪ್ ಹೆಸರು ನೋಡಿ ತರಿಸಬೇಡಿ, ಹಳೆ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ನೋಡಿ. ಒಂದೇ ಮಾಡೆಲ್‌ನಲ್ಲೂ 11.4 ವೋಲ್ಟ್‌ನದು, 15.2 ವೋಲ್ಟ್‌ನದು ಎರಡೂ ಇರಬಹುದು. ಒಂದರ ಬದಲು ಇನ್ನೊಂದು ನಡೆಯೋಲ್ಲ. ಹಳೆಯದನ್ನು ಡಸ್ಟ್‌ಬಿನ್‌ಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಇ-ವೇಸ್ಟ್ ತಗೊಳ್ಳುವ ಕಡೆಗೇ ಕೊಡಿ.

ಮೂರನೇ ಉತ್ತರ: ಬ್ಯಾಟರಿಯೇ ಇಲ್ಲ

ನಮ್ಮ ಲ್ಯಾಪ್‌ಟಾಪ್ ಹೇಳಿದ್ದು ಇದನ್ನೇ. ವಿಂಡೋಸ್ ಹೇಳಿತು, ಬಯಾಸೂ ಹೇಳಿತು.

ಬ್ಯಾಟರಿ ಕನೆಕ್ಟರ್‌ನಲ್ಲಿ ಬರೀ ಪ್ಲಸ್ಸು ಮೈನಸ್ಸು ಇರೋದಿಲ್ಲ. ದಪ್ಪ ವೈರ್‌ಗಳ ಪಕ್ಕ ಸಣ್ಣ ವೈರ್‌ಗಳೂ ಇರುತ್ತವೆ. ಅದರಲ್ಲಿ ಒಂದು ಕ್ಲಾಕ್, ಒಂದು ಡೇಟಾ. ಬ್ಯಾಟರಿಯೊಳಗಿನ ಚಿಪ್ ಇವುಗಳ ಮೂಲಕ ತನ್ನ ವೋಲ್ಟೇಜ್, ಬಿಸಿ, ಚಾರ್ಜ್ ಎಲ್ಲ ಲ್ಯಾಪ್‌ಟಾಪ್‌ಗೆ ತಿಳಿಸುತ್ತೆ. ಈ ಮಾತುಕತೆ ನಿಂತರೆ ಸೆಲ್‌ಗಳು ತುಂಬಿದ್ದರೂ ಲ್ಯಾಪ್‌ಟಾಪ್ ಪಾಲಿಗೆ ಬ್ಯಾಟರಿ ಇಲ್ಲ. ಆದ್ದರಿಂದ ಈ ಉತ್ತರ ಬಂದಾಗ ಮೊದಲು ನೋಡಬೇಕಾದ್ದು ಕನೆಕ್ಟರ್, ಆಮೇಲೆ ಬ್ಯಾಟರಿ, ಕೊನೆಗೆ ಬೋರ್ಡ್.

ಬಿಚ್ಚೋಕೆ ಮುಂಚೆ ವಾರಂಟಿ ಇದೆಯಾ ನೋಡಿ. ಇದ್ದರೆ ಬಿಚ್ಚಬೇಡಿ, ಸರ್ವಿಸ್‌ಗೆ ಕೊಡಿ. ಇಲ್ಲದಿದ್ದರೆ ಪೂರ್ತಿ ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತಿಡಿ. ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಇಡಿ, ಯಾಕಂದರೆ ಎಲ್ಲದರ ಉದ್ದ ಒಂದೇ ಇರೋಲ್ಲ. ಕವರ್ ಎಬ್ಬಿಸೋಕೆ ಸ್ಕ್ರೂಡ್ರೈವರ್ ಬೇಡ, ಹಳೆ ಪ್ಲಾಸ್ಟಿಕ್ ಕಾರ್ಡ್ ಸಾಕು. ಒಳಗೆ ಮುಟ್ಟೋಕೆ ಮುಂಚೆ ಬಣ್ಣ ಇಲ್ಲದ ಕಬ್ಬಿಣದ ಕಿಟಕಿ ಸರಳು ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಕಳೆದುಕೊಳ್ಳಿ. ಕನೆಕ್ಟರ್‌ನ ವೈರ್ ಹಿಡಿದು ಎಳೆಯಬೇಡಿ. ಕೆಲವು ಪಕ್ಕಕ್ಕೆ ಜಾರುತ್ತವೆ, ಕೆಲವು ಮೇಲಕ್ಕೆ ಏಳುತ್ತವೆ, ಮೊದಲು ನೋಡಿ ಅರ್ಥ ಮಾಡಿಕೊಳ್ಳಿ.

ನಾವು ಕವರ್ ತೆಗೆದು ಫೋನ್ ಟಾರ್ಚ್ ಹಾಕಿ ನೋಡಿದೆವು. ಕನೆಕ್ಟರ್ ಒಂದು ಬದಿ ಕೂತಿತ್ತು, ಇನ್ನೊಂದು ಬದಿ ಉಗುರು ಹೋಗುವಷ್ಟು ಎದ್ದಿತ್ತು. ಮೂವರೂ ಸುಮ್ಮನಾದೆವು. ಯಾಕಂದರೆ ಮೂರು ವಾರದ ಹಿಂದೆ ಅದೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿದ್ದು ನಾವೇ. ಹಾಕೋಕೆ ಮುಂಚೆ ಬ್ಯಾಟರಿ ಕನೆಕ್ಟರ್ ಬಿಚ್ಚಬೇಕು ಅಂತ ಓದಿಕೊಂಡು ಸರಿಯಾಗಿಯೇ ಬಿಚ್ಚಿದ್ದೆವು. ವಾಪಸ್ ಹಾಕುವಾಗ ಮೆಸ್‌ನಲ್ಲಿ ಊಟದ ಟೈಮ್ ಮುಗಿಯುತ್ತೆ ಅಂತ ಅವಸರ. ಅರ್ಧ ಕೂತಿದ್ದೂ ಎರಡು ವಾರ ಕೆಲಸ ಮಾಡಿದೆ. ಆಮೇಲೆ ಬ್ಯಾಗ್‌ನಲ್ಲಿ ಕುಲುಕಿ ಕುಲುಕಿ ಬಿಟ್ಟುಕೊಂಡಿದೆ. ನಡುವೆ ಎರಡು ವಾರ ಸರಿ ಇದ್ದದ್ದರಿಂದ ನಮಗೆ ಆ ಕೆಲಸಕ್ಕೂ ಈ ರೋಗಕ್ಕೂ ಸಂಬಂಧವೇ ಹೊಳೆಯಲಿಲ್ಲ.

ಎರಡೂ ಬದಿ ಸಮವಾಗಿ ಒತ್ತಿದೆವು, ಕೂತಿತು. ಕವರ್ ಹಾಕಿ ಪವರ್ ಒತ್ತಿದರೆ ಆನ್ ಆಗಲಿಲ್ಲ, ಎದೆ ಧಸಕ್ ಅಂತು. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳು ಒಮ್ಮೆ ಚಾರ್ಜರ್ ಹಾಕೋವರೆಗೆ ಏಳೋಲ್ಲ ಅಂತ ಆಗ ಗೊತ್ತಿರಲಿಲ್ಲ. ಚಾರ್ಜರ್ ಹಾಕಿದೆವು, ಎದ್ದಿತು. ಬ್ಯಾಟರಿ ಕಾಣಿಸಿತು, 34 ಶೇಕಡಾ. ಪ್ಲಗ್ ಕಿತ್ತೆವು. ಓಡ್ತಾ ಇತ್ತು.

ರಿಪೋರ್ಟ್ ತೆಗೆದೆವು. ಡಿಸೈನ್ 41,040 ಮಿಲಿವಾಟ್ ಅವರ್, ಈಗ ಹಿಡಿಯೋದು 24,900. ಅಂದರೆ ಸುಮಾರು 61 ಶೇಕಡಾ. ಬ್ಯಾಟರಿಗೆ ವಯಸ್ಸಾಗಿದೆ, ಮುಂದೊಂದು ದಿನ ಬದಲಾಯಿಸಲೇಬೇಕು. ಆದರೆ 10 ವಾಟ್‌ನ ಕೆಲಸಕ್ಕೆ ಎರಡೂವರೆ ಗಂಟೆ ಹತ್ತಿರ ಬರುತ್ತೆ, ಕರೆಂಟ್ ಹೋದಾಗ ಸೇವ್ ಮಾಡೋಕೆ ಧಾರಾಳ. ಈ ತಿಂಗಳು ಅವರಪ್ಪನಿಂದ ದುಡ್ಡು ತರಿಸುವ ಅಗತ್ಯ ಇಲ್ಲ.

ಅವನು ಮನೆಗೆ ಫೋನ್ ಮಾಡಿ "ದುಡ್ಡು ಬೇಡ ಅಪ್ಪಾ, ಸರಿ ಆಯ್ತು" ಅಂದ. "ಏನಾಗಿತ್ತಂತೆ?" ಅಂತ ಅವರು ಕೇಳಿದ್ದು ಸ್ಪೀಕರ್‌ನಲ್ಲಿ ನಮಗೂ ಕೇಳಿಸಿತು. ಅವನು "ಒಂದು ವೈರು ಲೂಸ್ ಆಗಿತ್ತು" ಅಂತಷ್ಟೇ ಹೇಳಿ ನಮ್ಮ ಮುಖ ನೋಡಿದ. ನಾವು ಫೋನ್ ಇಸ್ಕೊಂಡು "ಅಂಕಲ್, ಲೂಸ್ ಬಿಟ್ಟಿದ್ದು ನಾವೇ" ಅಂದೆವು. ಅವರು ನಕ್ಕುಬಿಟ್ಟರು.

ಒಂದೇ ಕಡೆ ನೆನಪಿಟ್ಟುಕೊಳ್ಳೋಕೆ

1. ಉಬ್ಬಿದೆಯಾ? ಹೌದಾದರೆ ಅಲ್ಲಿಗೇ ನಿಲ್ಲಿಸಿ.
2. ಚಿಹ್ನೆ ಮತ್ತು ಬಯಾಸ್ ನೋಡಿ, ಮೂರರಲ್ಲಿ ಯಾವ ಉತ್ತರ ಅಂತ ಬರೆದುಕೊಳ್ಳಿ.
3. ಖರ್ಚಿಲ್ಲದ ಪರೀಕ್ಷೆ ಮೊದಲು: ಸೆಟ್ಟಿಂಗ್, ರೀಸೆಟ್, ರಿಪೋರ್ಟ್, ಕಡಿಮೆ ಲೋಡ್‌ನಲ್ಲಿ ಪ್ಲಗ್ ಕಿತ್ತು ನೋಡೋದು.
4. ಆಮೇಲೆ ಕಡ ತಂದ ಪರೀಕ್ಷೆ: ಅದೇ ಮಾಡೆಲ್‌ನ ಅಡಾಪ್ಟರ್.
5. ಆಮೇಲೆ ಬಿಚ್ಚೋದು, ವಾರಂಟಿ ಇಲ್ಲದಿದ್ದರೆ ಮಾತ್ರ.
6. ಇತ್ತೀಚೆಗೆ ಈ ಲ್ಯಾಪ್‌ಟಾಪ್‌ಗೆ ಯಾರು ಏನು ಮಾಡಿದ್ದರು ಅಂತ ಕೇಳಿಕೊಳ್ಳಿ. ನಿಮ್ಮನ್ನೂ ಸೇರಿಸಿ.
7. ದುಡ್ಡು ಕೊನೆಗೆ.

ನಿಮ್ಮ ಲ್ಯಾಪ್‌ಟಾಪ್ ಈಗ ಚೆನ್ನಾಗಿಯೇ ಇದ್ದರೂ ಇವತ್ತು ರಾತ್ರಿ ಒಮ್ಮೆ ರಿಪೋರ್ಟ್ ತೆಗೆದು ಆ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಏನಾದರೂ ಕೆಟ್ಟರೆ ಹೋಲಿಸಿ ನೋಡೋಕೆ ಒಂದು ಲೆಕ್ಕ ಇರುತ್ತೆ. ಸದಾ ಪ್ಲಗ್‌ನಲ್ಲೇ ಇಡುವವರು 80 ಶೇಕಡಾದ ಮಿತಿ ಹಾಕಿ, ಫುಲ್ ಚಾರ್ಜ್ ಮತ್ತು ಬಿಸಿ ಎರಡೂ ಸೇರಿದರೆ ಸೆಲ್ ಬೇಗ ಮುದಿಯಾಗುತ್ತೆ. ಮತ್ತೆ, ಕೋಡ್ ಎಡಿಟರ್‌ನಲ್ಲಿ ಆಟೋ ಸೇವ್ ಆನ್ ಮಾಡಿ. ನಾವು ಆ ರಾತ್ರಿಯೇ ಮಾಡಿದೆವು.